ಕಾಳವ್ವನ ಕುತ್ತಿಗೆಯ ಗಡ್ಡೆ

ಕಲಮಜೂ ಊರು ದಾಟುವಷ್ಟರಲ್ಲಿ ಗಂಗವ್ವ ಸೀಟ್ ಬೆಲ್ಟನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹಾಕಿಕೊಂಡಿದ್ದಳು. ಬಿಚ್ಚಿದಾಗಲೆಲ್ಲ ಕಾರು ಟಿಣ್ ಟಿಣ್ ಎಂದು ದೂರು ಹೇಳುತ್ತಿತ್ತು.

"ಏ ಗಂಗಾ, ಏನ್ ಇರುವಿ ಹೊಕ್ಕಾವ ನಿನಗ? ಸುಮ್ಮನ ಕುಂದರು ಒಂದೀಟು," ಎಂದ ಶಿವಬಸಪ್ಪ, ಮುಂದಿನ ಸೀಟಿನಿಂದ ತಿರುಗಿಯೂ ನೋಡದೆ.

"ಬೆಲ್ಟ್ ಕುತ್ತಿಗಿಗೆ ಒತ್ತತೈತ್ರಿ."

"ಮೂವತ್ತು ವರ್ಷ ಬೆಲ್ಟಿನ ಟೆಸ್ಟಿಂಗ್ ಮಾಡಿದ ಮನಶ್ಯಾನ ಹೆಂಡತಿ ನೀನು. ನೀನ ಹಿಂಗಂದ್ರ ನನ್ನ ಪೆನ್ಶನ್ ನಿಲ್ಲಸ್ತಾರ ನೋಡು."

ತನ್ನ ಜೋಕಿಗೆ ತಾನೇ ನಕ್ಕ. ಕಾರು ಓಡಿಸುತ್ತಿದ್ದ ಮಗಳು ಲೀನಾ ಕನ್ನಡಿಯಲ್ಲಿ ಅವ್ವನ ಮುಖ ನೋಡಿದಳು.

"ಅವ್ವಾ, ಡೋಂಟ್ ವರಿ. ಮೂರು ಮಿನಿಟ್ ಅಷ್ಟ. ನೀ ಕನ್ನಡದಾಗ ಹೇಳು, ನಾ ಟ್ರಾನ್ಸ್‌ಲೇಟ್ ಮಾಡ್ತೀನಿ."

ಟ್ರಾನ್ಸ್‌ಲೇಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಗವ್ವನ ಕೈ ಮತ್ತೆ ಬೆಲ್ಟಿನ ಗುಂಡಿಗೆ ಹೋಯಿತು.

ಮಗ ಕರಣ್ ಹತ್ತೊಂಬತ್ತನೆಯ ವಯಸ್ಸಿಗೆ ಏರ್‌ಫೋರ್ಸ್ ಸೇರಿದವನು. ವಿಮಾನ ಹಾರಿಸುವುದಕ್ಕಲ್ಲ. ವಿಮಾನದ ರೆಕ್ಕೆಯೊಳಗೆ ಇಂಧನದ ಟ್ಯಾಂಕು ಇರುತ್ತದೆ. ಅದು ಸೋರಿದಾಗ ಖಾಲಿ ಮಾಡಿ, ಭುಜ ತೂರುವಷ್ಟೇ ಅಗಲದ ಕಿಂಡಿಯಿಂದ ಒಳಗೆ ತೆವಳಿ, ಒಳಗೇ ಅಂಗಾತ ಮಲಗಿ ಬಿರುಕು ಹುಡುಕಿ ಮುಚ್ಚುವ ಕೆಲಸ. ಆರು ವರ್ಷ ತೆವಳಿದ. ರಜೆಗೆ ಸ್ಟರ್ಲಿಂಗ್ ಹೈಟ್ಸ್‌ನ ಮನೆಗೆ ಬಂದಾಗ ಅವನ ತಲೆದಿಂಬಿಗೆ ಚಿಮಣಿ ಎಣ್ಣೆಯ ವಾಸನೆ ಹತ್ತುತ್ತಿತ್ತು. ಗಂಗವ್ವ ಮೂರು ಸಲ ಒಗೆದರೂ ಹೋಗುತ್ತಿರಲಿಲ್ಲ. ಮೂವತ್ತೆಂಟಕ್ಕೆ ಎಡಗಿವಿಯ ಕೆಳಗೆ, ಜೊಲ್ಲು ಬರಿಸುವ ಗ್ರಂಥಿಯಲ್ಲಿ, ಕ್ಯಾನ್ಸರ್ ಕಾಣಿಸಿಕೊಂಡಿತು. ಲಕ್ಷಕ್ಕೊಬ್ಬರಿಗೆ ಬರುವಂಥದ್ದು ಎಂದರು ಡಾಕ್ಟರು. ಅವನ ಜೊತೆ ಅದೇ ಶೆಡ್ಡಿನಲ್ಲಿ ದುಡಿದವರ ಪೈಕಿ ಇನ್ನೂ ಆರು ಜನಕ್ಕೆ ಲಕ್ಷಕ್ಕೊಬ್ಬರಿಗೆ ಬರುವಂಥ ಕ್ಯಾನ್ಸರುಗಳೇ ಬಂದಿದ್ದವು. ಮೂವರು ಸತ್ತಿದ್ದರು. ಆ ಏಳು ಹೆಸರನ್ನು ಯಾರೂ ಒಂದು ಹಾಳೆಯ ಮೇಲೆ ಬರೆದು ನೋಡಿರಲಿಲ್ಲ. ಆ ಇಂಧನದ ಆವಿಯೊಳಗೆ ಹುಡುಗರನ್ನು ಮಲಗಿಸುವುದಕ್ಕೆ ಯಾವ ಕಾನೂನೂ ಬೇಕಾಗಿರಲಿಲ್ಲ. ಎಷ್ಟು ಜನ ಬಿದ್ದರು ಎಂದು ಎಣಿಸುವುದಕ್ಕೆ ಮಾತ್ರ ಕಾನೂನು ಬೇಕಾಗಿತ್ತು.

ಅಂಥದೊಂದು ಮಸೂದೆ ಈಗ ವಾಷಿಂಗ್ಟನ್‌ನ ಸಮಿತಿಯೊಂದರ ಮುಂದಿತ್ತು. ಮಾಜಿ ಸೈನಿಕರಿಗೆ ಬಂದ ಅಪರೂಪದ ಕ್ಯಾನ್ಸರ್‌ಗಳನ್ನು ಹುಡುಕಿ, ಯಾರು ಎಲ್ಲಿ ಯಾವ ಕೆಲಸದಲ್ಲಿದ್ದರು ಎಂದು ಅಧ್ಯಯನ ಮಾಡಬೇಕು ಎನ್ನುವ ಮಸೂದೆ. ಅದಕ್ಕೆ ಲಗತ್ತಿಸಲು ಪ್ರಕರಣಗಳ ಪಟ್ಟಿ ತಯಾರಾಗುತ್ತಿತ್ತು. ಕರಣ್ ಅರ್ಜಿ ಹಾಕಿದ. ಎರಡು ತಿಂಗಳಿಗೆ ವಾಪಸು ಬಂತು. ಕಾರಣ ಒಂದೇ ಸಾಲು: ಕುಟುಂಬದಲ್ಲಿ ಹಿನ್ನೆಲೆ ಇದೆ, ತಾಯಿಯ ತಾಯಿಗೆ ಕುತ್ತಿಗೆಯಲ್ಲಿ ಟ್ಯೂಮರ್. ಎಂದರೆ, ನಿನ್ನ ರೋಗ ನಿನ್ನ ರಕ್ತದ್ದು, ನಮ್ಮ ಟ್ಯಾಂಕಿನದಲ್ಲ. ತಿದ್ದಬೇಕಾದರೆ ವಿಷಯವನ್ನು ಖುದ್ದಾಗಿ ಬಲ್ಲವರು ಸಮಿತಿಯ ಅಹವಾಲು ಸಭೆಗೆ ಬಂದು ಹೇಳಬೇಕು. ಮಿಡ್‌ವೆಸ್ಟಿನ ಕೊನೆಯ ಸಭೆ ನಾಳೆ ಬೆಳಿಗ್ಗೆ, ಶಿಕಾಗೋ ಹತ್ತಿರ ಓಕ್ ಬ್ರೂಕ್‌ನಲ್ಲಿ. ಖುದ್ದಾಗಿ ಬಲ್ಲವಳು ಭೂಮಿಯ ಮೇಲೆ ಗಂಗವ್ವ ಒಬ್ಬಳೇ ಉಳಿದಿದ್ದಳು.

ಆ ಸಾಲು ಫೈಲಿಗೆ ಹೊಕ್ಕ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೂರು ವರ್ಷದ ಕೆಳಗೆ, ಆಸ್ಪತ್ರೆಯ ಚಿಕ್ಕ ಕೋಣೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಗಂಟಲು, ಕುತ್ತಿಗೆಯ ಕಾಯಿಲೆ ಇತ್ತೇ ಎಂದು ನರ್ಸು ಕೇಳಿದಳು. ಹೇಳಿದರೆ ಮಗ ಉಳಿದಾನು ಎಂದು ಗಂಗವ್ವನಿಗೆ ಅನ್ನಿಸಿತು. ಪೂರ್ತಿ ಹೇಳಲು ಬಾಯಿ ಬರಲಿಲ್ಲ. "ನಮ್ಮವ್ವಗ ಕುತ್ತಿಗ್ಯಾಗ ಗಡ್ಡಿ ಇತ್ತು" ಎಂದಳು. ಲೀನಾ ಪಟ್ಟನೆ "ಟ್ಯೂಮರ್" ಎಂದಳು. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪ್ರೈಜು ತಗೊಂಡ ಹುಡುಗಿ. ಗಡ್ಡೆ ಎಂದರೆ ಟ್ಯೂಮರ್ ಅನ್ನುವುದು ಗೊತ್ತಿದ್ದದ್ದಕ್ಕೆ ಅವತ್ತು ಅವಳಿಗೆ ಹೆಮ್ಮೆ ಬೇರೆ. ನರ್ಸು ಟಕಟಕ ಟೈಪ್ ಮಾಡಿದಳು.

ಗಂಗವ್ವನ ತಾಯಿ ಕಾಳವ್ವನಿಗೆ ಇದ್ದದ್ದು ಟ್ಯೂಮರ್ ಅಲ್ಲ, ಕ್ಷಯ. ಪುಪ್ಪುಸದಿಂದ ಏರಿ ಕುತ್ತಿಗೆಯ ಎರಡೂ ಕಡೆ ಗಂಟುಗಂಟಾಗಿ ಒಡೆದು ಸೋರಿದ ಕ್ಷಯ. ಗಂಗವ್ವನಿಗೆ ಆಗ ಹನ್ನೊಂದು ವರ್ಷ. ಅವ್ವನ ಹಾಸಿಗೆಯಲ್ಲೇ ಮಲಗುತ್ತಿದ್ದವಳಿಗೂ ಹತ್ತಿತು. ತಾಯಿ ಮಗಳು ಇಬ್ಬರೂ ಗದಗಿನಾಚೆ ಒಬ್ಬ ಡಾಕ್ಟರ ಹತ್ತಿರ, ಯಾರಿಗೂ ಕಾಣದಂತೆ ಚಕ್ಕಡಿಯಲ್ಲಿ ತಾಡಪತ್ರಿ ಹೊದ್ದುಕೊಂಡು ಹೋಗಿ, ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಬಂದರು. ಇಬ್ಬರೂ ಉಳಿದರು. ಉಳಿದ ಮೇಲೆ ಅವಳ ಅಪ್ಪ ಮನೆಮಂದಿಯನ್ನೆಲ್ಲ ಕೂಡಿಸಿ ಹೇಳಿದ: "ಯಾರರ ಕೇಳಿದ್ರ ಗಡ್ಡಿ ಅನ್ರಿ. ಆ ಇನ್ನೊಂದು ಶಬ್ದ ಈ ಹೊಸ್ತಿಲಾ ದಾಟಿದ್ರ ಈ ಹುಡಿಗಿ ಮದಿವಿ ಇಲ್ದ ಮನಿಯಾಗ ಉಳೀತಾಳ." ಕಾಳವ್ವ ಎಂಬತ್ತೊಂದಕ್ಕೆ ಸಾಯುವತನಕ ಕುತ್ತಿಗೆಯ ಸುತ್ತ ಸೆರಗು ಬಿಡಲಿಲ್ಲ.

ಗಡ್ಡಿ ಎಂದೇ ಗಂಗವ್ವನ ಮದುವೆಯಾಯಿತು. ಗಡ್ಡಿ ಎಂದೇ ಶಿವಬಸಪ್ಪ ಅತ್ತೆಯನ್ನು ನೋಡಿದ್ದು. ಅವನ ಸ್ವಂತ ಅಕ್ಕನಿಗೆ ಗೊತ್ತುಮಾಡಿದ್ದ ಸಂಬಂಧವನ್ನು ಗಂಡಿನ ಮನೆಯಲ್ಲಿ ಕ್ಷಯ ಇದೆ ಎಂದು ತಿಳಿದ ದಿನವೇ ಅವರಪ್ಪ ಮುರಿದಿದ್ದ. ಆ ಕಥೆಯನ್ನು ಶಿವಬಸಪ್ಪ ತನ್ನ ಮನೆತನದ ಜಾಣತನದ ಕಥೆ ಎಂಬಂತೆ ಹತ್ತು ಸಲ ಹೇಳಿದ್ದ. ಆಮೇಲೆ ಮದ್ರಾಸಿನಲ್ಲಿ ವೀಸಾದ ಮೆಡಿಕಲ್. ಕ್ಷಯ ಬಂದಿತ್ತೇ ಎಂದು ಡಾಕ್ಟರ್ ಕೇಳಿದಾಗ ಗಂಗವ್ವ ಇಲ್ಲ ಎಂದು ತಲೆಯಾಡಿಸಿ ಸಹಿ ಹಾಕಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಲವತ್ತು ವರ್ಷದ ಹಿಂದಿನ ಮಾತು ಅದು. ಆದರೆ ಹಳೆಯ ಫಾರಮ್ಮುಗಳನ್ನು ಕೆದಕಿ ಪೌರತ್ವ ಕಿತ್ತುಕೊಳ್ಳುತ್ತಾರಂತೆ ಎಂದು ವಾಟ್ಸಾಪಿನಲ್ಲಿ ಆಂಟಿಯರು ಹಂಚುತ್ತಿದ್ದ ಸುದ್ದಿಗಳನ್ನು ಅವಳು ಈಗ ಎರಡೆರಡು ಸಲ ಓದುತ್ತಿದ್ದಳು.

"ಅದು ಗಾಯ್ಟರ್ ಇರಬೇಕಲ್ಲ ಅವ್ವಾ?" ಎಂದಳು ಲೀನಾ ಈಗ. ಇದನ್ನು ಅವಳು ಈ ವಾರದಲ್ಲಿ ಆರನೆಯ ಸಲ ಕೇಳುತ್ತಿದ್ದಳು. "ಥೈರಾಯ್ಡ್ ಊದಿಕೊಳ್ಳೋದು. ಇಂಡಿಯಾದಾಗ ಆಗ ಕಾಮನ್ ಇತ್ತು, ಉಪ್ಪಿನಾಗ ಅಯೋಡಿನ್ ಇರಲಿಲ್ಲ. ನಾ ಓದೀನಿ."

"ಹೂಂ. ಅದ ಇರಬೇಕು."

"ಇರಬೇಕು ಅನಬ್ಯಾಡ. ಅಲ್ಲಿ ಇತ್ತು ಅಂತ ಹೇಳು. ಐ ಮೆಸ್ಡ್ ಅಪ್, ಅವ್ವಾ. ನನ್ನ ಒಂದು ವರ್ಡ್‌ನಿಂದ ಅವನ ಫೈಲ್ ವಾಪಸ್ ಬಂತು. ನಾ ಮೂರು ತಿಂಗಳಾತು ಸರಿ ನಿದ್ದಿ ಮಾಡಿಲ್ಲ."

ನಿನ್ನದಲ್ಲ ತಪ್ಪು ಎಂದು ಹೇಳಬೇಕೆಂದು ಗಂಗವ್ವ ಬಾಯಿ ತೆರೆದಳು. ಮುಂದಿನ ಸೀಟಿನಲ್ಲಿ ಶಿವಬಸಪ್ಪನ ಬೋಳು ತಲೆ ಅಲ್ಲಾಡುತ್ತಿತ್ತು. ಬಾಯಿ ಮುಚ್ಚಿದಳು.

ಇಂಡಿಯಾನಾದ ಗಡಿಯಲ್ಲಿ ಕಾರಿನ ಗಡಿಯಾರ ತಾನೇ ಒಂದು ತಾಸು ಹಿಂದಕ್ಕೆ ಹೋಯಿತು. ಹೆದರುವುದಕ್ಕೆ ಇನ್ನೊಂದು ತಾಸು ಸಿಕ್ಕಿದಂತಾಯಿತು, ಅಷ್ಟೆ.

ವುಡ್‌ರಿಡ್ಜ್‌ನ ತನ್ನ ಮನೆಯಲ್ಲಿ ಕರಣ್ ಬಾಗಿಲಲ್ಲೇ ನಿಂತಿದ್ದ. ಆಪರೇಷನ್ ಆದ ಮೇಲೆ ಅವನ ಮುಖದ ಎಡಭಾಗ ಇಳಿಬಿದ್ದಿತ್ತು; ಮಾತಿನಲ್ಲಿ ಪ ಬ ಮ ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಹೆಂಡತಿ ಸುಚೇತಾ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು. ಅಪ್ಪನ ಜೊತೆ ಕೈಕುಲುಕಿದ, ಅವ್ವನನ್ನು ಅಪ್ಪಿಕೊಂಡ.

"ಬಂದಳಪ್ಪಾ ನನ್ನ ಸ್ಟಾರ್ ವಿಟ್ನೆಸ್," ಎಂದ.

ಗಂಗವ್ವ ತಂದಿದ್ದ ಜೋಳದ ನುಚ್ಚನ್ನು ತೆಳ್ಳಗೆ ಬೇಯಿಸಿ ಮಜ್ಜಿಗೆ ಕಲಸಿ ಕೊಟ್ಟಳು. ಅವನು ಬಲಗಡೆಯ ತುಟಿಯಿಂದ ಉಂಡ, ಎಡಗಡೆಯದನ್ನು ಕರವಸ್ತ್ರದಿಂದ ಒರೆಸಿಕೊಂಡ. ಶಿವಬಸಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಆದ್ದರಿಂದ ಬೈಯತೊಡಗಿದ.

"ಹೇಳಿದ್ನಲ್ಲೋ ಅವತ್ತ. ಇಂಜಿನಿಯರಿಂಗ್ ಓದು ಅಂದೆ. ಟ್ಯಾಂಕ್ ಬಳಿಯಾಕ ಹೋದಿ."

"ಅಪ್ಪಾ, ಸಮ್‌ಬಡಿ ಹ್ಯಾಡ್ ಟು."

"ಆ ಸಮ್‌ಬಡಿ ನನ್ನ ಮಗನ ಆಗಬೇಕಿತ್ತೇನು?"

"ಎವ್ರಿಬಡೀಸ್ ಸಮ್‌ಬಡೀಸ್ ಮಗ." ಕರಣ್ ನಕ್ಕ. ಅರ್ಧ ಮುಖ ಮಾತ್ರ ನಕ್ಕಿತು. ಆಮೇಲೆ ಅವ್ವನ ಕಡೆ ತಿರುಗಿ, ತಡೆತಡೆದು, ತನಗೆ ಬರುವ ಕನ್ನಡದಲ್ಲಿ ಹೇಳಿದ: "ಅವ್ವಾ, ಟೆರೆಲ್ ಗೊತ್ತಲ್ಲ? ಡೆಟ್ರಾಯಿಟಿನವ. ನಮ್ಮ ಮನಿಗೆ ಬಂದು ನಿನ್ನ ಹೋಳಿಗಿ ಒಂಬತ್ತು ತಿಂದವ. ಹೋದ ತಿಂಗಳ ಸತ್ತ. ಅವನ ಹೆಸರು ಲಿಸ್ಟ್‌ನಾಗ ಐತಿ. ನಾವಿಬ್ರೂ ಒಂದ ಟ್ಯಾಂಕಿನಾಗ ಇದ್ವಿ. ಅವಂದು ಕೌಂಟ್, ನಂದು ನೋ. ಈಗ ಅವರು ಏನಂತಾರ? ಆ ಶೆಡ್ಡಿನಾಗ ಆರ ಮಂದಿ, ಸಿಕ್ಸ್ ಈಸ್ ನಾಟ್ ಎ ಪ್ಯಾಟರ್ನ್. ಸೆವೆನ್ ಬೇಕಂತ. ಸೆವೆಂತ್ ಇಲ್ಲಿ ಕುಂತು ನುಚ್ಚು ಉಣ್ಣಾಕತ್ತಾನ."

ಗಂಗವ್ವ ಎದ್ದು ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಓಕ್ ಬ್ರೂಕ್‌ನ ಹೋಟೆಲಿನ ಹಾಲು ತುಂಬಿತ್ತು. ನಿನ್ನೆ ಇಲ್ಲಿ ಯಾರದೋ ಮದುವೆಯ ಊಟ ನಡೆದಿರಬೇಕು. ಮೂಲೆಯಲ್ಲಿ ಬಿಳಿ ಬಲೂನು ಹಾಗೇ ಉಳಿದಿದ್ದವು. ಅವುಗಳ ಕೆಳಗೆ ಸಾಲುಸಾಲು ಕುರ್ಚಿಗಳಲ್ಲಿ ಕೂದಲಿಲ್ಲದ ತಲೆಗಳು, ಗಂಟಲಿಗೆ ಕೊಳವೆ ಹಾಕಿಕೊಂಡವರು, ಗಂಡನ ಫೋಟೋ ಮಡಿಲಲ್ಲಿಟ್ಟುಕೊಂಡ ಹೆಂಗಸರು. ದೇಶಕ್ಕಾಗಿ ದುಡಿದವರು ನೀವು ಎಂದು ಅಂಗಡಿಯಲ್ಲಿ ಡಿಸ್ಕೌಂಟು ಕೊಡುತ್ತಾರೆ, ವಿಮಾನಕ್ಕೆ ಮೊದಲು ಹತ್ತಿಸುತ್ತಾರೆ, ಚೆಂಡಾಟದ ಮೈದಾನದಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಏನು ಉಸಿರಾಡಿದೆಯಪ್ಪಾ ಅಲ್ಲಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿಸಿಕೊಳ್ಳಿ ಎಂದು ಇವರೇ ಬಂದು ಸಾಲು ನಿಲ್ಲಬೇಕು, ಹೆಸರು ಬರೆಸಬೇಕು, ಮೂರು ನಿಮಿಷಕ್ಕೆ ಗಂಟೆ ಬಾರಿಸಿದರೆ ಸಾಯುತ್ತಿರುವವನೂ ಅರ್ಧಕ್ಕೆ ನಿಲ್ಲಿಸಿ ಥ್ಯಾಂಕ್ಯೂ ಎನ್ನಬೇಕು.

ಎದುರಿನ ಮೇಜಿನ ಹಿಂದೆ ಮೂವರಿದ್ದರು. ನಡುವೆ ಸಮಿತಿಯ ಹೆಂಗಸು, ಪಕ್ಕದಲ್ಲಿ ಬಿಳಿಗಡ್ಡದ ಡಾಕ್ಟರ್, ಕೊನೆಯಲ್ಲಿ ಫೈಲುಗಳನ್ನು ಎರಡು ರಾಶಿ ಮಾಡಿಟ್ಟುಕೊಂಡ ಗುಮಾಸ್ತೆ. ಒಂದು ರಾಶಿ ದಪ್ಪ, ಪಟ್ಟಿಗೆ ಸೇರಿದವರದು. ಇನ್ನೊಂದು ತೆಳು, ಕೈಬಿಟ್ಟವರದು.

ಕರಣ್ ಹೆಸರು ಕರೆದಾಗ ಹನ್ನೊಂದು ದಾಟಿತ್ತು. ಗಂಗವ್ವ ಮೈಕಿನ ಮುಂದೆ ಕೂತಳು, ಪಕ್ಕದಲ್ಲಿ ಲೀನಾ. ಕರಣ್ ಮತ್ತು ಶಿವಬಸಪ್ಪ ಮೊದಲ ಸಾಲಿನಲ್ಲಿ, ಅವಳ ಬೆನ್ನ ಹಿಂದೆ. ಡಾಕ್ಟರ್ ಮೆದುವಾಗಿಯೇ ಕೇಳಿದ. ನಿಮ್ಮ ತಾಯಿಗೆ ಕುತ್ತಿಗೆಯಲ್ಲಿ ಆದದ್ದು ಕ್ಯಾನ್ಸರ್ ಅಲ್ಲ ಎನ್ನುತ್ತೀರಿ. ಹಾಗಾದರೆ ಏನು?

"ಥೈರಾಯ್ಡ್ ಗಡ್ಡಿ," ಎಂದಳು ಗಂಗವ್ವ.

"ಗಾಯ್ಟರ್," ಎಂದಳು ಲೀನಾ ದೊಡ್ಡದಾಗಿ. "ಬಿನೈನ್ ಗಾಯ್ಟರ್, ಕ್ಯಾನ್ಸರ್ ಅಲ್ಲ. ನಾನು ಅನುವಾದಿಸಿದ್ದು ತಪ್ಪಾಗಿತ್ತು."

ಡಾಕ್ಟರ್ ಏನೋ ಬರೆದುಕೊಂಡ. ಪುಟ ತಿರುವಿದ. ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡ. ಆಮೇಲೆ ಅವನು ಹೇಳಿದ್ದನ್ನು ಲೀನಾ ಒಂದು ಕ್ಷಣ ಅನುವಾದಿಸಲೇ ಇಲ್ಲ.

"ಏನಂದ?" ಗಂಗವ್ವ ಕೇಳಿದಳು.

"ಗಾಯ್ಟರ್ ಆದ್ರೂ... ಅದು ಸೈತ ಗ್ರಂಥಿಯ ಬೆಳವಣಿಗಿ ಅಂತ. ಫ್ಯಾಮಿಲಿಯೊಳಗ ಬರ್ತಾವಂತ. ಅವರ ರೂಲ್ ಪ್ರಕಾರ ಕುತ್ತಿಗ್ಯಾಗಿನ ಯಾವ ಗ್ರೋತ್ ಇದ್ರೂ ಈ ಲಿಸ್ಟ್‌ನಾಗ ಹಾಕಂಗಿಲ್ಲಂತ. ಹಿ ಸೇಸ್ ಹಿ ಈಸ್ ಸಾರಿ." ಲೀನಾ ಅವ್ವನ ಕಡೆ ತಿರುಗಿದಳು. "ಅವ್ವಾ, ನಾ ಮತ್ತ ಕೆಡಿಸಿದ್ನೇನು?"

ಗುಮಾಸ್ತೆ ಫೈಲನ್ನು ಮುಚ್ಚಿ ತೆಳು ರಾಶಿಯ ಕಡೆ ಕೈ ಚಾಚಿದಳು.

ಹುಡುಗಿಯಿದ್ದಾಗಿನಿಂದ ಜೋಪಾನ ಮಾಡಿದ ಒಂದು ಸುಳ್ಳು ಸಾಲದೆಂದು ಇನ್ನೊಂದನ್ನು ಅದರ ಮೇಲೆ ಹೇರಿ ಮುನ್ನೂರು ಮೈಲಿ ಹೊತ್ತು ತಂದಿದ್ದಳು ಗಂಗವ್ವ. ಎರಡೂ ಸೇರಿ ಮಗನ ಫೈಲನ್ನು ಆ ತೆಳು ರಾಶಿಗೇ ತಳ್ಳುತ್ತಿದ್ದವು. ತನ್ನ ಅಪ್ಪನ ಮೇಲೆ ಸಿಟ್ಟು ಬಂತು. ಗಂಡನ ಮನೆಯವರ ಜಾಣತನದ ಮೇಲೆ, ಮದ್ರಾಸಿನ ಡಾಕ್ಟರನ ಮೇಲೆ, ಅಜ್ಜಿಯ ಕುತ್ತಿಗೆಯನ್ನು ಕಂಡು ಮೊಮ್ಮಗನ ಪುಪ್ಪುಸದಲ್ಲಿ ತುಂಬಿದ್ದ ಆವಿಯನ್ನು ಕಾಣದ ಈ ರೂಲಿನ ಮೇಲೆ ಸಿಟ್ಟು ಬಂತು. ಯಾವ ರೋಗ ಯಾರಿಗೆ ನಾಚಿಕೆ ಎಂದು ತೀರ್ಮಾನ ಮಾಡುವವರು ಎಲ್ಲ ಊರಿನಲ್ಲೂ ಮೇಜಿನ ಆ ಕಡೆಯೇ ಕೂತಿರುತ್ತಾರಲ್ಲ ಎನ್ನಿಸಿತು.

"ಹಿಡಿ ಅಕಿ ಕೈ," ಎಂದಳು ಮಗಳಿಗೆ. "ಇಡಬ್ಯಾಡ ಅನ್ನು ಅಲ್ಲಿ."

"ವಾಟ್?"

"ನಾ ಈಗ ಹೇಳಿದ್ದು ಸುಳ್ಳು. ಗಾಯ್ಟರ್ ಇರಲಿಲ್ಲ. ಹೇಳು ಅವರಿಗೆ."

ಲೀನಾ ಹೇಳಿದಳು. ಹಾಲಿನಲ್ಲಿ ಯಾರೋ ಕೆಮ್ಮಿದರು. ಡಾಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡ.

ಗಂಗವ್ವ ಉಸಿರು ಎಳೆದುಕೊಂಡಳು. ಟಿ.ಬಿ. ಎಂದರೆ ಸಾಕಿತ್ತು, ಎರಡು ಇಂಗ್ಲಿಷ್ ಅಕ್ಷರ, ಮೂರು ವರ್ಷದ ಮಗುವಿಗೂ ಬರುವಂಥವು. ಆದರೆ ಆ ರೋಗ ಅವಳೊಳಗೆ ಹೂತಿದ್ದದ್ದು ಆ ಹೆಸರಿನಿಂದಲ್ಲ. ಹೊಸ್ತಿಲು ದಾಟಬಾರದೆಂದು ಅಪ್ಪ ಹೇಳಿದ ಶಬ್ದವೇ ಮೇಲೆದ್ದು ಬಂತು.

"ನಮ್ಮವ್ವಗ ಕ್ಷಯ ಆಗಿತ್ತು."

ಲೀನಾ ಮೈಕಿನ ಕಡೆ ಬಗ್ಗಿದಳು. ಬಾಯಿ ತೆರೆದವಳು ಹಾಗೇ ತಡೆದಳು. ಕನ್ನಡ ಶಾಲೆಯ ಯಾವ ಪಾಠದಲ್ಲೂ ಆ ಶಬ್ದ ಬಂದಿರಲಿಲ್ಲ. ಬರುವುದಾದರೂ ಹೇಗೆ? ಮನೆಯಲ್ಲಿ ಒಮ್ಮೆಯೂ ಯಾರೂ ಆಡದ ಶಬ್ದ.

"ಕ್ಷಯ ಅಂದ್ರ? ಅವ್ವಾ, ಐ ಡೋಂಟ್ ನೋ ದಟ್ ವರ್ಡ್. ಅಕ್ಷಯ? ಏನು?"

ಸಮಿತಿಯ ಹೆಂಗಸು ಗಡಿಯಾರ ನೋಡಿದಳು. ಗಂಗವ್ವನ ನಾಲಗೆಯ ತುದಿಗೆ ಈಗ ಟಿ.ಬಿ. ಬಂದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಕುರ್ಚಿ ಕಿರ್ರೆಂದಿತು. ಅವಳು ತಿರುಗಲಿಲ್ಲ. ಆ ಕುರ್ಚಿಯಿಂದ ಎದ್ದವನು ಯಾರೆಂದು ಅವಳಿಗೆ ಗೊತ್ತಿತ್ತು. ಆ ಹಾಲಿನ ಇನ್ನೂರು ಜನರಲ್ಲಿ ಆ ಶಬ್ದ ಅರ್ಥವಾದವನು ಅವನೊಬ್ಬನೇ.

"ಟ್ಯೂಬರ್‌ಕ್ಯುಲೋಸಿಸ್," ಎಂದ ಶಿವಬಸಪ್ಪ. ಬೆಲ್ಟಿನ ಟೆಸ್ಟ್ ರಿಪೋರ್ಟು ಓದುವ ಧ್ವನಿ ಅದು, ಏರಿಳಿತವಿಲ್ಲದ್ದು. "ದ ವಿಟ್ನೆಸ್ ಸೆಡ್ ಹರ್ ಮದರ್ ಹ್ಯಾಡ್ ಟ್ಯೂಬರ್‌ಕ್ಯುಲೋಸಿಸ್."

ಕುರ್ಚಿ ಮತ್ತೆ ಕಿರ್ರೆಂದಿತು. ಅವನು ಕೂತದ್ದೋ ಹೊರಟದ್ದೋ ಅವಳಿಗೆ ತಿಳಿಯಲಿಲ್ಲ.

ಡಾಕ್ಟರ್ ಮುಂದಕ್ಕೆ ಬಾಗಿದ. ಕುತ್ತಿಗೆಯ ಗಂಟುಗಳಿಗೆ ಕ್ಷಯ ತಗಲುವುದುಂಟು, ಒಡೆದು ಸೋರುವುದೂ ಉಂಟು, ಅದು ಸೋಂಕು, ವಂಶದಲ್ಲಿ ಹರಿಯುವಂಥದಲ್ಲ ಎಂದು ತನ್ನ ಪಕ್ಕದವಳಿಗೆ ವಿವರಿಸಿದ. ಆಮೇಲೆ ಗಂಗವ್ವನನ್ನು ಕೇಳಿದ: ಕಾಗದಪತ್ರ ಏನಾದರೂ ಇದೆಯೇ? ಇಲ್ಲ. ಡಾಕ್ಟರರ ಚೀಟಿ? ಇಲ್ಲ. ಹಾಗಾದರೆ ಅದು ಕ್ಷಯವೇ ಎಂದು, ಬೇರೇನೂ ಅಲ್ಲ ಎಂದು, ನಿಮಗೆ ಹೇಗೆ ಗೊತ್ತು? ಈಗಷ್ಟೇ ನೀವು ಬೇರೆ ಹೇಳಿದಿರಿ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಒಂದೇ ಇತ್ತು, ಅದು ಮದ್ರಾಸಿನ ಫಾರಮ್ಮಿನಲ್ಲಿ ಅವಳೇ ಇಲ್ಲವೆಂದು ಸಹಿ ಹಾಕಿದ ಉತ್ತರ. ಇಲ್ಲಿ ಹೇಳುವುದೆಲ್ಲ ರೆಕಾರ್ಡ್ ಆಗುತ್ತಿದೆ ಎಂದು ಬೆಳಿಗ್ಗೆಯೇ ಹೇಳಿದ್ದರು. ಮೈಕಿನ ಬುಡದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅವಳು ಕರಣ್ ಕಡೆ ತಿರುಗಿದಳು. ಅವನು ಎಡಗೆನ್ನೆಯನ್ನು ಒರೆಸಿಕೊಳ್ಳುತ್ತಿದ್ದ. ಅವನ ಪಕ್ಕದ ಕುರ್ಚಿ ಖಾಲಿಯಾಗಿತ್ತು.

"ಲೀನಾ, ನೀ ಸುಮ್ಮನಿರು," ಎಂದಳು ಗಂಗವ್ವ. ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಕ್ಕದ ಮನೆಯವರ ಜೊತೆ ನಲವತ್ತು ವರ್ಷ ಹರಕುಮುರುಕಾಗಿ ಆಡಿದ ಇಂಗ್ಲಿಷನ್ನೇ ಎತ್ತಿಕೊಂಡಳು.

"ಐ ಆಲ್ಸೋ ಹ್ಯಾಡ್. ಮೀ. ಇಲೆವೆನ್ ಇಯರ್ಸ್ ಓಲ್ಡ್. ಸೇಮ್ ಬೆಡ್, ಸೇಮ್ ಡಾಕ್ಟರ್, ಸೇಮ್ ಇಂಜೆಕ್ಷನ್. ಡೇಲಿ ಹಿಯರ್." ಸೊಂಟದ ಕೆಳಗೆ ತಟ್ಟಿ ತೋರಿಸಿದಳು. "ಮೈ ಮದರ್ ಗಾಟ್ ವೆಲ್. ಐ ಗಾಟ್ ವೆಲ್. ಶಿ ಲಿವ್ಡ್ ಎಯ್ಟಿ ಒನ್. ಯೂ ಆರ್ ಡಾಕ್ಟರ್. ಯೂ ಟೆಲ್ ಮೀ. ಟಿ.ಬಿ. ಇಂಜೆಕ್ಷನ್‌ಗೆ ಕ್ಯಾನ್ಸರ್ ವಾಸಿ ಆಗ್ತದೇನು?"

ಕೊನೆಯ ಸಾಲು ಕನ್ನಡದಲ್ಲೇ ಬಿದ್ದಿತ್ತು. ಲೀನಾ ಅನುವಾದಿಸಲು ಹೋದಳು. ಡಾಕ್ಟರ್ ಬೇಡವೆಂದು ಕೈ ಎತ್ತಿದ, ಅವನಿಗೆ ತಿಳಿದಿತ್ತು.

"ಅಮೆರಿಕಾ ಆಸ್ಕ್ ಮೀ ದಟ್ ಟೈಮ್, ಐ ಸೆಡ್ ನೋ," ಎಂದಳು ಗಂಗವ್ವ. ನಿಲ್ಲಿಸುವುದಕ್ಕೆ ಅವಳಿಂದ ಆಗುತ್ತಿರಲಿಲ್ಲ. "ಐ ಟೋಲ್ಡ್ ಲೈ. ಪನಿಶ್ ಮೀ. ಬಟ್ ಯೂ ಆಲ್ಸೋ ಟೆಲ್. ಮೈ ಸನ್ ಕೇಮ್ ಹೋಮ್, ಹಿಸ್ ಪಿಲ್ಲೋ ಸ್ಮೆಲ್ಲಿಂಗ್ ಕೆರೋಸಿನ್. ಹೂ ಸೈನ್ಡ್ ಫಾರ್ ದಟ್? ವೇರ್ ಈಸ್ ಹಿಸ್ ಫಾರಮ್?"

ಮೂರು ನಿಮಿಷದ ಗಂಟೆ ಬಡಿಯಿತು. ಹಿಂದಿನ ಸಾಲಿನಿಂದ ಯಾವಳೋ ಹೆಂಗಸು "ಲೆಟ್ ಹರ್ ಟಾಕ್!" ಎಂದು ಕೂಗಿದಳು. ಇನ್ನೊಬ್ಬರು ಕೂಗಿದರು. ಫೋಟೋ ಹಿಡಿದವರು ಫೋಟೋ ಎತ್ತಿ ಹಿಡಿದರು. ಸಮಿತಿಯ ಹೆಂಗಸು ಮೇಜು ತಟ್ಟಿ ತಟ್ಟಿ ಸಾಕಾದಳು.

ಗದ್ದಲ ಇಳಿದ ಮೇಲೆ ಡಾಕ್ಟರ್ ಹೇಳಿದ್ದು ಇಷ್ಟು. ಸಾಕ್ಷಿಯ ಹೇಳಿಕೆ ಒಪ್ಪಿದ್ದೇನೆ. ಕುಟುಂಬದ ಹಿನ್ನೆಲೆಯ ಸಾಲನ್ನು ಹೊಡೆದುಹಾಕಬಹುದು. ಬರವಣಿಗೆಯಲ್ಲಿ ಪ್ರಮಾಣಪತ್ರ ಬೇಕು, ಇವತ್ತು ಹನ್ನೆರಡರೊಳಗೆ, ಪಟ್ಟಿ ಇವತ್ತೇ ಮುಚ್ಚುತ್ತದೆ. ಹನ್ನೆರಡಕ್ಕೆ ಇಪ್ಪತ್ತೆರಡು ನಿಮಿಷವಿತ್ತು.

ಗುಮಾಸ್ತೆ ಫೈಲುಗಳ ಎರಡೂ ರಾಶಿಯನ್ನು ಪಕ್ಕದ ಕೋಣೆಗೆ ಹೊತ್ತು ತಂದು, ಹಾಳೆ ಮುಂದಿಟ್ಟಳು. ಲೀನಾ ತುಂಬತೊಡಗಿದಳು. ಕಣ್ಣೀರು ಹಾಳೆಗೆ ಬೀಳದಿರಲೆಂದು ತಲೆಯನ್ನು ಓರೆ ಮಾಡಿಕೊಂಡು ಬರೆಯುತ್ತಿದ್ದಳು.

"ಯಾಕ ಹೇಳಲಿಲ್ಲ ಅವ್ವಾ? ನಂಗರ ಹೇಳಬಹುದಿತ್ತಲ್ಲ?"

"ನಿಂಗ ಹೇಳಿದ್ರ ನೀ ಟಿ.ಬಿ. ಅಂದ್ರ ಅಂಜೂದ್ಯಾಕ ಅಂತಿದ್ದಿ. ನಾ ಏನ್ ಉತ್ತರ ಕೊಡ್ಲಿ?" ಗಂಗವ್ವ ಹಾಳೆಯ ಕೆಳಗಿನ ದಪ್ಪಕ್ಷರದ ಸಾಲಿನ ಮೇಲೆ ಬೆರಳಿಟ್ಟಳು. "ಇದೇನೈತಿ?"

"ಅದಾ? ಸ್ಟ್ಯಾಂಡರ್ಡ್ ವಾರ್ನಿಂಗ್. ಸುಳ್ಳು ಹೇಳಿದ್ರ ಶಿಕ್ಷಾ ಆಗತೈತಿ ಅಂತ."

"ಖರೇ ಹೇಳಿದ್ರ?"

ಲೀನಾ ಸಾಲನ್ನು ಇನ್ನೊಮ್ಮೆ ಓದಿದಳು. "ಅದರ ಬಗ್ಗೆ ಏನೂ ಬರದಿಲ್ಲ."

"ಕೊಡು ಪೆನ್ನು."

ಗಂಗವ್ವ ಸಹಿ ಹಾಕಿದಳು. ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು. ಗುಮಾಸ್ತೆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದು ಸಹಿ ಬೇಕು ಎಂದಳು. ರೋಗದ ಹೆಸರನ್ನು ಅನುವಾದಿಸಿದವರು ಈಕೆಯಲ್ಲವಲ್ಲ, ಮುಂದಿನ ಸಾಲಿನಲ್ಲಿದ್ದ ಆ ಹಿರಿಯರು. ಅನುವಾದಕರ ಸಹಿ ಅವರದೇ ಆಗಬೇಕು.

ಲೀನಾ ಎದ್ದು ಓಡಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಕರಣ್ ಬಂದು ಅವ್ವನ ಪಕ್ಕ ಕೂತ. ಏನೋ ಹೇಳಲು ಹೋದ, ತುಟಿ ಸಹಕರಿಸಲಿಲ್ಲ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಗಂಗವ್ವ ಬಾಗಿಲನ್ನೇ ನೋಡುತ್ತಿದ್ದಳು. ಏಳು ನಿಮಿಷ. ಹೋಗಿ ಕಾರಿನಲ್ಲಿ ಕೂತುಬಿಟ್ಟಿದ್ದರೆ? ಟ್ಯಾಕ್ಸಿ ಮಾಡಿಕೊಂಡು ಹೊರಟೇ ಹೋಗಿದ್ದರೆ? ತಾನೇ ಹೋಗಿ ಕಾಲು ಹಿಡಿಯಬೇಕೇ? ಎದ್ದಳು, ಮತ್ತೆ ಕೂತಳು. ಹಿಡಿಯುವುದಿಲ್ಲ ಎಂದುಕೊಂಡಳು. ಹನ್ನೊಂದು ವರ್ಷದ ಹುಡುಗಿ ಅವ್ವನ ಮಗ್ಗುಲಲ್ಲಿ ಮಲಗಿದ್ದು ತಪ್ಪಲ್ಲ.

ಐದು ನಿಮಿಷ ಇದ್ದಾಗ ಲೀನಾಳ ಜೊತೆ ಶಿವಬಸಪ್ಪ ಬಂದ. ಹೊರಗಿನ ಚಳಿಗೆ ಕಿವಿ ಕೆಂಪಾಗಿದ್ದವು. ಯಾರನ್ನೂ ನೋಡದೆ ಜೇಬಿನಿಂದ ತನ್ನದೇ ಪೆನ್ನು ತೆಗೆದ, ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಸ್ಪೆಲ್ಲಿಂಗಿನ ಒಂದು ತಪ್ಪು ಹುಡುಕಿ ತಿದ್ದಿದ. ಇಂಜಿನಿಯರನ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದ.

"ನಲವತ್ತನಾಕು ವರ್ಷ," ಎಂದ, ಹಾಳೆಯ ಕಡೆಯೇ ನೋಡುತ್ತ. "ಒಂದು ದಿನಾನೂ ಹೇಳಬೇಕು ಅನಿಸಲಿಲ್ಲೇನು?"

"ದಿನಾ ಅನಸ್ತಿತ್ತು. ನೀವು ನಿಮ್ಮ ಅಕ್ಕನ ಕಥಿ ಹೇಳೂ ಮುಂದ ಮಾತ್ರ ಬ್ಯಾಡ ಅನಸ್ತಿತ್ತು."

ಅವನು ಮುಂದಿನ ಖಾನೆಗೆ ಬಂದ: ಸಾಕ್ಷಿಗೂ ಅನುವಾದಕರಿಗೂ ಇರುವ ಸಂಬಂಧ. ಪೆನ್ನು ಅಲ್ಲೇ ನಿಂತಿತು. ಗುಮಾಸ್ತೆ, ಸರ್, ಎರಡು ನಿಮಿಷ, ಎಂದಳು. ಮೂರು ಜನ ಆ ಪೆನ್ನಿನ ಮೊನೆಯನ್ನೇ ನೋಡಿದರು.

ಶಿವಬಸಪ್ಪ ಹಸ್ಬೆಂಡ್ ಎಂದು ಬರೆದ, ತಾರೀಖು ಹಾಕಿದ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಹೆಂಡತಿಯ ಕಡೆ ಇನ್ನೂ ನೋಡದೆ, ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತ.

ಗುಮಾಸ್ತೆ ಹಾಳೆಯನ್ನು ಕರಣ್‌ನ ಫೈಲಿಗೆ ಚುಚ್ಚಿ, ಫೈಲನ್ನು ದಪ್ಪ ರಾಶಿಯ ಮೇಲಿಟ್ಟಳು. ಅದು ಒಂದು ಕಡೆಗೆ ವಾಲಿತು. ಗಂಗವ್ವ ಎದ್ದು ಹೋಗಿ ಎರಡೂ ಕೈಯಿಂದ ಆ ರಾಶಿಯನ್ನು ನೇರ ಮಾಡಿದಳು. ಮಾಡಿದವಳು ಅಲ್ಲೇ ನಿಂತು, ಮೇಲಿನಿಂದ ಒಂದೊಂದೇ ಫೈಲಿನ ಅಂಚಿನ ಹೆಸರನ್ನು ಗಟ್ಟಿಯಾಗಿ ಓದತೊಡಗಿದಳು. ಮುಟ್ಟಬಾರದು ಮೇಡಂ ಎಂದಳು ಗುಮಾಸ್ತೆ. ಗಂಗವ್ವ ನಿಲ್ಲಿಸಲಿಲ್ಲ.